ಎಲ್ಲೆಕಲ್ಲಿನೊಳಗೆ ನಿಂತ ಸಭೆ

ಧ್ಯಾನಕ್ಕೆ: ಯೋಹಾನ 15ನೆಯ ಅಧ್ಯಾಯ, 13ನೆಯ ವಚನ



ಸ್ನೇಹಿತರ ಸಲುವಾಗಿ ತನ್ನ ಜೀವವನ್ನೇ ಬಿಟ್ಟುಕೊಡುವವನ ಪ್ರೀತಿಯನ್ನು ಮೀರಿದ ಪ್ರೀತಿ ಇಲ್ಲವೆಂದು ನಮ್ಮ ಕರ್ತನು ತಾನು ಹಿಡಿಯಲ್ಪಟ್ಟ ರಾತ್ರಿಯಲ್ಲಿ ಶಿಷ್ಯರಿಗೆ ಕಲಿಸಿದನು. ಈ ಮಾತನ್ನು ನಾವು ಅನೇಕ ಸಾರಿ ಕೇಳಿದ್ದೇವೆ. ಕೇಳಿ ತಲೆಯಾಡಿಸಿ ಮನೆಗೆ ಹೋಗಿದ್ದೇವೆ. ಆದರೆ ಆ ಸ್ನೇಹಿತರು ಯಾರು? ನಮ್ಮ ಮಕ್ಕಳು, ನಮ್ಮ ಬಂಧುಗಳು, ನಮ್ಮೊಡನೆ ಕರ್ತನ ಭೋಜನಕ್ಕೆ ಕೂಡುವವರು, ಇಷ್ಟೇ ಮಂದಿಯೋ? ಪಕ್ಕದ ಊರಿನವರು, ಹೆಸರು ತಿಳಿಯದವರು, ನಮ್ಮ ಮುಖವನ್ನು ಒಮ್ಮೆಯೂ ನೋಡದವರು ಆ ಮಾತಿನೊಳಗೆ ಸೇರುವರೋ? ಇದಕ್ಕೆ ಒಂದು ಹಳೇ ಹಳ್ಳಿಯ ದೇವಾಲಯವು ಉತ್ತರ ಕೊಡುತ್ತದೆ. ಈ ಸಾರಿ ಅದರ ಚರಿತ್ರೆಯನ್ನೂ ಅದರ ಸುತ್ತ ಬೆಳೆದ ಕಥೆಗಳನ್ನೂ ನಿಮ್ಮ ಮುಂದೆ ಇಡುತ್ತೇವೆ.

ಇಂಗ್ಲೆಂಡ್ ದೇಶದ ಡಾರ್ಬಿಶೈರ್ ಪ್ರಾಂತದಲ್ಲಿ, ಗುಡ್ಡಗಳ ನಡುವೆ, ಈಮ್ ಎಂಬ ಹಳ್ಳಿಯುಂಟು. ಅಲ್ಲಿಯ ಜನರು ಹಿಂದಿನ ಕಾಲದಲ್ಲಿ ಕುರಿ ಸಾಕುವವರು, ಹೊಲ ಮಾಡುವವರು, ಗುಡ್ಡ ಅಗೆದು ಸೀಸ ತೆಗೆಯುವವರು. ಊರ ನಡುವೆ ಸಂತ ಲಾರೆನ್ಸನ ಹೆಸರಿನ ಕಲ್ಲಿನ ದೇವಾಲಯವಿದೆ. ಅದರ ಅಂಗಳದಲ್ಲಿ ನಿಂತಿರುವ ಕಲ್ಲಿನ ಶಿಲುಬೆಯು ದೇವಾಲಯಕ್ಕಿಂತಲೂ ಹಳೆಯದು. ಸುಮಾರು 1,200 ವರುಷಗಳ ಹಿಂದೆ ಕೆತ್ತಲ್ಪಟ್ಟದ್ದೆಂದು ಬಲ್ಲವರು ಹೇಳುತ್ತಾರೆ. ಅದರ ಕಂಬದ ಒಂದು ಭಾಗವು ಕಳೆದುಹೋಗಿದ್ದರೂ ಶಿಲುಬೆಯು ಇನ್ನೂ ನಿಂತಿದೆ. ಅದರ ಹತ್ತಿರವೇ ಒಬ್ಬ ಸ್ತ್ರೀಯ ಸಮಾಧಿಯುಂಟು. ಆಕೆಯ ಹೆಸರು ಕ್ಯಾಥರಿನ್ ಮೊಂಪೆಸನ್. ಆಕೆಯ ವಿಷಯವನ್ನು ಮುಂದೆ ಹೇಳುವೆವು.

1665ನೆಯ ಇಸವಿಯಲ್ಲಿ ಆ ಊರಿನಲ್ಲಿ ಇಬ್ಬರು ಬೋಧಕರಿದ್ದರು, ಇಬ್ಬರಿಗೂ ಹೊಂದಿಕೆಯಿರಲಿಲ್ಲ. ಥಾಮಸ್ ಸ್ಟಾನ್ಲಿ ಅಯ್ಯನವರು ಅಲ್ಲಿ ಬಹು ವರುಷ ಬೋಧಿಸಿ ಜನರ ಪ್ರೀತಿಯನ್ನು ಸಂಪಾದಿಸಿದವರು. ಆದರೆ 1662ರಲ್ಲಿ ಸರಕಾರವು ಹೊಸ ಪ್ರಾರ್ಥನಾಪುಸ್ತಕವನ್ನು ಎಲ್ಲಾ ಬೋಧಕರೂ ಒಪ್ಪತಕ್ಕದ್ದೆಂದು ಕಾಯಿದೆ ಮಾಡಿದಾಗ, ತಮ್ಮ ಮನಸ್ಸಾಕ್ಷಿಯು ಒಪ್ಪಲಿಲ್ಲವಾಗಿ ಅವರು ಉದ್ಯೋಗವನ್ನು ಕಳಕೊಂಡರು. 1664ರಲ್ಲಿ ಆ ಸ್ಥಾನಕ್ಕೆ ವಿಲಿಯಮ್ ಮೊಂಪೆಸನ್ ಅಯ್ಯನವರು ಬಂದರು. ಇವರು ಇನ್ನೂ ಮೂವತ್ತು ತುಂಬದ ಯೌವನಸ್ಥರು; ಪ್ರಾರ್ಥನಾಪುಸ್ತಕವನ್ನು ಒಪ್ಪಿದವರು; ಊರಿಗೆ ಹೊಸಬರು. ಜನರಲ್ಲಿ ಅನೇಕರ ಮನಸ್ಸು ಹಳೇ ಅಯ್ಯನವರ ಕಡೆಗೇ ಇತ್ತು. ಒಂದೇ ಊರಿನಲ್ಲಿ ಎರಡು ಪಕ್ಷಗಳಾದಾಗ ಏನಾಗುವದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅದೇ ವರುಷ ಲಂಡನ್ ಪಟ್ಟಣದಲ್ಲಿ ಪ್ಲೇಗುಬೇನೆಯು ಹಬ್ಬಿ ಹತ್ತಾರು ಸಾವಿರ ಜನರನ್ನು ಕೊಂದಿತು. ಪಟ್ಟಣದಿಂದ ಈಮ್ ಊರಿನ ಒಬ್ಬ ದರ್ಜಿಯ ಮನೆಗೆ ಬಟ್ಟೆಯ ಕಟ್ಟು ಬಂತೆಂದೂ, ಅದು ತೇವವಾಗಿದ್ದದರಿಂದ ಜಾರ್ಜ್ ವಿಕರ್ಸ್ ಎಂಬ ಕೆಲಸಗಾರನು ಒಲೆಯ ಮುಂದೆ ಬಿಚ್ಚಿ ಹರವಿದನೆಂದೂ ಹೇಳುತ್ತಾರೆ. ಕೆಲವೇ ದಿವಸಗಳಲ್ಲಿ, ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ, ಅವನು ಸತ್ತನು. ಬಳಿಕ ಆ ಮನೆಯಲ್ಲಿಯೂ ನೆರೆಮನೆಗಳಲ್ಲಿಯೂ ಸಾವು ಹೊಕ್ಕಿತು. ಚಳಿಗಾಲದಲ್ಲಿ ಬೇನೆಯು ಸ್ವಲ್ಪ ತಗ್ಗಿತು. ಜನರು ದೇವರಿಗೆ ಸ್ತೋತ್ರ ಹೇಳಿ ಉಸಿರು ಬಿಟ್ಟರು. ಆದರೆ 1666ರ ಬೇಸಿಗೆಯಲ್ಲಿ ಅದು ಮೊದಲಿಗಿಂತ ಉಗ್ರವಾಗಿ ಎದ್ದಿತು. ಆಗ ಊರಿನವರಿಗೆ ಒಂದೇ ಆಲೋಚನೆ: ಹೆಂಡತಿ ಮಕ್ಕಳನ್ನು ಕರಕೊಂಡು ಓಡಿಹೋಗಬೇಕು. ಆದರೆ ಅವರು ಎಲ್ಲಿ ಹೋದರೂ ಬೇನೆಯು ಅವರೊಡನೆ ಹೋಗುವ ಭಯವಿತ್ತು.

ಆಗ ಮೊಂಪೆಸನ್ ಅಯ್ಯನವರು ಮಾಡಿದ್ದೇನು? ತಾನು ಒಬ್ಬನೇ ಹೇಳಿದರೆ ಜನರು ಕೇಳಲಾರರೆಂದು ಅವರಿಗೆ ಗೊತ್ತಿತ್ತು. ಅವರು ಸ್ಟಾನ್ಲಿ ಅಯ್ಯನವರ ಜೊತೆ ಸೇರಿಕೊಂಡರು. ಪ್ರಾರ್ಥನಾಪುಸ್ತಕದ ಜಗಳವು ಆ ದಿನ ಅವರ ನಡುವೆ ನಿಲ್ಲಲಿಲ್ಲ. ಇಬ್ಬರೂ ಒಂದೇ ಮಾತಾಗಿ ಜನರ ಮುಂದೆ ನಿಂತು ಮೂರು ಸಂಗತಿಗಳನ್ನು ಹೇಳಿದರು. ಸತ್ತವರನ್ನು ದೇವಾಲಯದ ಅಂಗಳಕ್ಕೆ ತಾರದೆ ಅವರವರ ಮನೆಯವರು ತಮ್ಮ ಹೊಲದಲ್ಲಿಯೋ ಹಿತ್ತಲಲ್ಲಿಯೋ ಹೂಣಿಡಬೇಕು. ದೇವಾಲಯದ ಬಾಗಿಲು ಮುಚ್ಚಿರಲಿ. ಆರಾಧನೆಯು ಕಕ್ಲೆಟ್ ಡೆಲ್ಫ್ ಎಂಬ ಹುಲ್ಲಿನ ಕಣಿವೆಯಲ್ಲಿ, ಬಯಲಲ್ಲಿ, ಮನೆಮನೆಯವರು ದೂರ ದೂರ ನಿಂತು ನಡೆಯಲಿ. ಮೂರನೆಯದಾಗಿ, ಬೇನೆಯು ನಿಲ್ಲುವ ತನಕ ಯಾರೂ ಊರ ಎಲ್ಲೆಯನ್ನು ದಾಟಿ ಹೋಗಬಾರದು. ಈ ಮೂರನೆಯ ಮಾತೇ ಕಠಿಣವಾದದ್ದು. ಅದರ ಅರ್ಥವೇನು? ಪಕ್ಕದ ಊರುಗಳವರು ಬದುಕುವ ಹಾಗೆ ನಾವು ಇಲ್ಲಿಯೇ ಉಳಿಯೋಣ, ಸಾಯಬೇಕಾದರೆ ಇಲ್ಲಿಯೇ ಸಾಯೋಣ ಎಂಬುದೇ.

ಜನರು ಒಪ್ಪಿದರು. ಊರ ಎಲ್ಲೆಯಲ್ಲಿ ಒಂದು ಕಲ್ಲುಂಟು. ಅದರಲ್ಲಿ ಗುಳಿಗಳನ್ನು ಕೊರೆದಿದ್ದಾರೆ. ಆ ಗುಳಿಗಳಲ್ಲಿ ಹುಳಿರಸವನ್ನು ತುಂಬಿ ಹಣವನ್ನು ಅದರೊಳಗೆ ಇಡುತ್ತಿದ್ದರು. ಅದರಿಂದ ಬೇನೆಯು ಹಣದ ಸಂಗಡ ಹೋಗದೆಂದು ನಂಬಿದ್ದರು. ಗುಡ್ಡದ ಮೇಲೆ ಒಂದು ಒರತೆಯುಂಟು. ಅಲ್ಲಿ ಹರಿಯುವ ನೀರಿನಲ್ಲಿ ಹಣವಿಡುತ್ತಿದ್ದರು. ಸುತ್ತಲಿನ ಊರುಗಳವರು ರೊಟ್ಟಿಯನ್ನೂ ಬೇರೆ ಆಹಾರವನ್ನೂ ತಂದು ಅಲ್ಲಿಟ್ಟು, ಹಣ ತೆಗೆದುಕೊಂಡು ಹೋಗುತ್ತಿದ್ದರು. ಹತ್ತಿರದ ಚಾಟ್ಸ್‌ವರ್ತ್ ಅರಮನೆಯಲ್ಲಿದ್ದ ಡೆವನ್‌ಶೈರ್ ಪ್ರಭುವು ಸಹ ಬೇಕಾದ ಸಾಮಾನುಗಳನ್ನು ಕಳುಹಿಸಿದನು. ಕೊಡುವವರೂ ತಕ್ಕೊಳ್ಳುವವರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ.

ಆ ಆಗಸ್ಟ್ ತಿಂಗಳಿನಷ್ಟು ಕತ್ತಲೆಯ ತಿಂಗಳು ಆ ಊರಿಗೆ ಮತ್ತೊಂದಿರಲಿಲ್ಲ. 70ಕ್ಕಿಂತ ಹೆಚ್ಚು ಜನರು ಆ ಒಂದೇ ತಿಂಗಳಲ್ಲಿ ತೀರಿಹೋದರು. ಎಲಿಜಬೆತ್ ಹ್ಯಾನ್ಕಾಕ್ ಎಂಬ ತಾಯಿಯು ಎಂಟು ದಿವಸಗಳೊಳಗೆ ತನ್ನ ಗಂಡನನ್ನೂ ಆರು ಮಕ್ಕಳನ್ನೂ ತನ್ನ ಕೈಯಿಂದಲೇ ಮಣ್ಣುಮಾಡಿದಳು. ಊರ ಹೊರಗಿನ ಹೊಲದಲ್ಲಿ ಆ ಏಳು ಸಮಾಧಿಗಳ ಗುರುತು ಇಂದಿಗೂ ಇದೆ. ಏಳು ಸಾರಿ ಗುದ್ದಲಿ ಹಿಡಿದ ಆ ತಾಯಿಯ ಮುಂದೆ ನಾವು ಮಾತಾಡುವದಕ್ಕೆ ಏನುಂಟು? ತಿಂಗಳ ಕಡೆಯಲ್ಲಿ, 25ನೆಯ ತಾರೀಕಿನಲ್ಲಿ, ಮೊಂಪೆಸನ್ ಅಯ್ಯನವರ ಹೆಂಡತಿಯಾದ ಕ್ಯಾಥರಿನ್ ಅಮ್ಮನವರು ಸಹ ತೀರಿಹೋದರು. ಊರು ಬಿಟ್ಟು ಹೋಗಬಹುದಾಗಿದ್ದಾಗ ಅವರು ಗಂಡನ ಬಳಿಯಲ್ಲಿಯೇ ಉಳಿದರು. ಅಯ್ಯನವರು ದೂರದಲ್ಲಿದ್ದ ತಮ್ಮ ಇಬ್ಬರು ಮಕ್ಕಳಿಗೆ ತಾಯಿಯ ಮರಣವನ್ನು ಪತ್ರದಿಂದ ತಿಳಿಸಬೇಕಾಯಿತು.

ನವೆಂಬರ್ ತಿಂಗಳ ಆರಂಭದಲ್ಲಿ ಬೇನೆಯು ನಿಂತಿತು. ಹದಿನಾಲ್ಕು ತಿಂಗಳುಗಳಲ್ಲಿ 76 ಮನೆತನಗಳವರು ಅದರ ಕೈಗೆ ಸಿಕ್ಕಿದ್ದರು. ಸತ್ತವರು ಸುಮಾರು 260 ಮಂದಿ. ಆದರೆ ಸುತ್ತಲಿನ ಹಳ್ಳಿಗಳಿಗೆ ಬೇನೆಯು ಹರಡಲಿಲ್ಲ.

ಪ್ರಿಯರೇ, ಇಂಥ ಊರಿನಲ್ಲಿ ಕಥೆಗಳು ಹುಟ್ಟದೆ ಇರುವದುಂಟೇ? ಎಮಟ್ ಸಿಡಾಲ್ ಎಂಬ ಕನ್ಯೆಗೂ ಪಕ್ಕದ ಊರಿನ ರೋಲಂಡ್ ಎಂಬ ಯೌವನಸ್ಥನಿಗೂ ವಿವಾಹದ ಮಾತಾಗಿತ್ತಂತೆ. ಇಬ್ಬರೂ ಕಣಿವೆಯ ಆಚೆ ಈಚೆ ನಿಂತು ಒಬ್ಬರನ್ನೊಬ್ಬರು ನೋಡಿಕೊಂಡು ಹೋಗುತ್ತಿದ್ದರಂತೆ. ಒಂದು ದಿನ ಆಕೆ ಬರಲಿಲ್ಲ. ದಾರಿ ತೆರೆದ ಮೇಲೆ ಎಲ್ಲರಿಗಿಂತ ಮೊದಲು ಒಳಗೆ ಬಂದ ರೋಲಂಡನಿಗೆ ಬರಿದಾದ ಮನೆಯೇ ಸಿಕ್ಕಿತಂತೆ. ಆ ಕನ್ಯೆಯ ಹೆಸರು ಸಭೆಯ ಮರಣಪುಸ್ತಕದಲ್ಲಿದೆ. ಪ್ರೀತಿಯ ಕಥೆಯು ಜನರ ಬಾಯಲ್ಲಿದೆ. ಇನ್ನು ಮಾರ್ಷಲ್ ಹೌ ಎಂಬವನು ಬೇನೆ ಬಂದು ಗುಣವಾದವನಾದದರಿಂದ ತನಗೆ ಮತ್ತೆ ಬಾರದೆಂದು ಧೈರ್ಯಗೊಂಡು, ಹೂಣುವವರಿಲ್ಲದ ಹೆಣಗಳನ್ನು ಹೂಣಿ, ಅವರ ಮನೆಯ ಸಾಮಾನುಗಳನ್ನು ಕೂಲಿಯಾಗಿ ತಕ್ಕೊಂಡನಂತೆ. ಕಡೆಗೆ ಅವನ ಸ್ವಂತ ಹೆಂಡತಿಯೂ ಮಗನೂ ಸತ್ತರಂತೆ. ಮುಂದೆ ಬಹುಕಾಲ ತಾಯಂದಿರು ಹಟ ಮಾಡುವ ಮಕ್ಕಳನ್ನು ಅವನ ಹೆಸರು ಹೇಳಿ ಹೆದರಿಸುತ್ತಿದ್ದರಂತೆ. ಕ್ಯಾಥರಿನ್ ಅಮ್ಮನವರು ಸಾಯುವದಕ್ಕೆ ಕೆಲವು ದಿವಸ ಮುಂಚೆ, ಗಂಡನೊಡನೆ ಹೊಲದ ದಾರಿಯಲ್ಲಿ ನಡೆಯುತ್ತಾ, ಗಾಳಿಯು ಎಷ್ಟು ಸುವಾಸನೆಯಾಗಿದೆಯೆಂದು ಹೇಳಿದರಂತೆ. ಸುವಾಸನೆ ಬಂದಂತಾಗುವದು ಬೇನೆಯ ಗುರುತೆಂದು ಆ ಕಾಲದವರು ನಂಬಿದ್ದದರಿಂದ ಅಯ್ಯನವರ ಎದೆ ಒಡೆಯಿತಂತೆ.

ಈ ಕಥೆಗಳನ್ನು ನಾವು ಏನು ಮಾಡಬೇಕು? ಇವುಗಳಲ್ಲಿ ಬಹಳವು ಬೇನೆ ನಿಂತು ನೂರು ನೂರೈವತ್ತು ವರುಷಗಳಾದ ಮೇಲೆ ಬರೆಯಲ್ಪಟ್ಟವು; ಆ ಊರಿನ ವಿಲಿಯಮ್ ವುಡ್ ಎಂಬವರು 1842ರಲ್ಲಿ ಪ್ರಕಟಿಸಿದ ಚರಿತ್ರೆಯಿಂದ ಅವು ದೇಶವೆಲ್ಲಾ ಹರಡಿದವು. ಆ ಕಾಲದ್ದೇ ಆದ ಸಾಕ್ಷಿಗಳಲ್ಲಿ ಮುಖ್ಯವಾದವು ಸಭೆಯ ಮರಣಪುಸ್ತಕದ ಹೆಸರುಗಳು ಮತ್ತು ಮೊಂಪೆಸನ್ ಅಯ್ಯನವರ ಕೆಲವು ಪತ್ರಗಳು ಮಾತ್ರ. ಕಥೆಯು ಪಾಪವಲ್ಲ. ಅಜ್ಜಿಯು ಮೊಮ್ಮಕ್ಕಳಿಗೆ ಹೇಳುವಾಗ ದುಃಖಕ್ಕೆ ಒಂದು ಮುಖವೂ ಒಂದು ಹೆಸರೂ ಬೇಕಾಗುವದು. ಆದರೆ ದೇವರ ಪಕ್ಷ ವಹಿಸಿ ಅನ್ಯಾಯವಾದ ಮಾತಾಡುವಿರೋ ಎಂದು ಯೋಬನು ತನ್ನ ಸ್ನೇಹಿತರನ್ನು ಕೇಳಿದನಲ್ಲವೇ? ದೇವರ ಕೆಲಸಕ್ಕೆ ಸುಳ್ಳಿನ ಊರುಗೋಲು ಬೇಕಾಗಿಲ್ಲ. ಕೇಳಿದ್ದನ್ನು ಕೇಳಿದ್ದೆಂದೂ, ಬರೆದಿರುವದನ್ನು ಬರೆದಿದೆಯೆಂದೂ ಹೇಳಿದರೆ ಸಾಕು. ನಮ್ಮ ಸಭೆಗಳ ಹಿರಿಯರ ವಿಷಯದಲ್ಲಿ ಸಾಕ್ಷಿ ಹೇಳುವಾಗಲೂ ಇದೇ ನಿಯಮವಿರಲಿ.

ನಿಜವನ್ನು ಹೇಳುವದಾದರೆ ಪೂರ್ತಿಯಾಗಿ ಹೇಳೋಣ. ಈಮ್ ಊರಿನ ಅನುಕೂಲವಂತರಲ್ಲಿ ಕೆಲವರು ದಾರಿ ಮುಚ್ಚುವ ಮೊದಲೇ ಹೊರಟುಹೋಗಿದ್ದರು. ಮೊಂಪೆಸನ್ ಅಯ್ಯನವರು ಸಹ ತಮ್ಮ ಇಬ್ಬರು ಮಕ್ಕಳನ್ನು ಮುಂಚೆಯೇ ದೂರಕ್ಕೆ ಕಳುಹಿಸಿದ್ದರು. ಉಳಿದವರಲ್ಲಿ ಬಹುಮಂದಿ ಹೋಗುವದಕ್ಕೆ ಬೇರೆ ಸ್ಥಳವಿಲ್ಲದ ಬಡವರು. ಇದನ್ನು ನಾವು ಮರೆಮಾಡುವದಿಲ್ಲ. ಮಕ್ಕಳನ್ನು ಕಳುಹಿಸಿದ ತಂದೆಯನ್ನು ನಿಂದಿಸುವದೂ ಇಲ್ಲ. ಅಯ್ಯನವರೂ ಮನುಷ್ಯರೇ, ತಂದೆಯೇ. ಆದರೆ ಇದರಿಂದ ನಮಗೊಂದು ಎಚ್ಚರಿಕೆಯುಂಟು. ತ್ಯಾಗಮಾಡಿರೆಂದು ಬೋಧಿಸುವದು ಸುಲಭ. ತ್ಯಾಗದ ಭಾರವು ಯಾವಾಗಲೂ ಬಡವನ ಮನೆಯ ಮೇಲೆಯೇ ಹೆಚ್ಚಾಗಿ ಬೀಳುವದು. ಆದದರಿಂದ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂಡುವವರು ತಾವು ಹೊರದ ಹೊರೆಯನ್ನು ಹಿಂದಿನ ಸಾಲಿನವರ ತಲೆಯ ಮೇಲೆ ಇಡದೆ ಇರಲಿ. ಮೊಂಪೆಸನ್ ಅಯ್ಯನವರು ಇತರರಿಗೆ ಹೇಳಿ ತಾವು ಹೋಗಲಿಲ್ಲ. ಉಳಿದರು, ರೋಗಿಗಳ ಬಳಿಗೆ ಹೋದರು, ಹೆಂಡತಿಯನ್ನು ಆ ಮಣ್ಣಿಗೇ ಕೊಟ್ಟರು. ಆದಕಾರಣ ಅವರ ಮಾತಿಗೆ ತೂಕವಿತ್ತು.

ಇನ್ನೊಂದು ನಿಜವುಂಟು. ಬೇನೆಯು ಹೇಗೆ ಹರಡುವದೆಂದು ಆ ಕಾಲದಲ್ಲಿ ಯಾರಿಗೂ ತಿಳಿದಿರಲಿಲ್ಲ. ಪ್ಲೇಗಿನ ಕ್ರಿಮಿಯನ್ನು ಯೆರ್ಸಿನ್ ಎಂಬ ವಿದ್ವಾಂಸರು 1894ರಲ್ಲಿ ಕಂಡುಹಿಡಿದರು. ಇಲಿಗಳ ಚಿಗಟಗಳು ಅದನ್ನು ಒಯ್ಯುವವೆಂಬುದು ಬಳಿಕ ತಿಳಿಯಿತು. ಈಮ್ ಊರಿನ ಮರಣಪುಸ್ತಕವನ್ನು ಲೆಕ್ಕಹಾಕಿ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಅಲ್ಲಿ ಹೆಚ್ಚಿನ ಮಂದಿಗೆ ಬೇನೆಯು ಮನುಷ್ಯರಿಂದಲೇ, ಮುಖ್ಯವಾಗಿ ಒಂದೇ ಮನೆಯವರಿಂದ, ತಗಲಿರಬೇಕೆಂದು ಹೇಳುತ್ತದೆ. ಆ ಜನರು ಎಲ್ಲೆಯನ್ನು ದಾಟದೆ, ಆದರೆ ಮನೆಗಳನ್ನು ಬಿಟ್ಟು ಬಯಲಿನಲ್ಲಿ ಚದರಿ ಇದ್ದಿದ್ದರೆ ಇನ್ನೂ ಅನೇಕರು ಉಳಿಯುತ್ತಿದ್ದರೋ ಏನೋ. ನಮ್ಮ ನಾಡಿನಲ್ಲಿಯೂ 1898ರಲ್ಲಿ ಹುಬ್ಬಳ್ಳಿಗೂ ಬೆಂಗಳೂರಿಗೂ ಪ್ಲೇಗು ಬಂತು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಊರವರೆಲ್ಲಾ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದ ಆ ದಿನಗಳ ಮಾತು ಹಿರಿಯರಿಂದ ನಮ್ಮ ವರೆಗೆ ಬಂದಿದೆ. ಪ್ರೀತಿಗೆ ತಿಳುವಳಿಕೆಯೂ ಬೇಕು. ವೈದ್ಯರ ಮಾತನ್ನು ಕೇಳುವದು ವಿಶ್ವಾಸಕ್ಕೆ ವಿರೋಧವಲ್ಲ. ನೆರೆಯವನನ್ನು ಪ್ರೀತಿಸುವ ಒಂದು ವಿಧವು ಅದೇ. ಈಮ್ ಊರಿನವರು ತಮಗೆ ತಿಳಿದಷ್ಟರಲ್ಲಿ ಪ್ರೀತಿಸಿದರು. ಹೆಚ್ಚು ತಿಳಿದಿರುವ ನಾವು ಹೆಚ್ಚಾಗಿ ಪ್ರೀತಿಸಿದ್ದೇವೋ?

ಈಗ ನಮ್ಮ ಕಡೆಗೆ ತಿರುಗೋಣ. 2020ನೆಯ ಇಸವಿಯನ್ನು ನಾವು ಮರೆತಿಲ್ಲ. ಕೊರೋನಾ ಬೇನೆಯ ಭಯದಿಂದ ಎಷ್ಟೋ ಹಳ್ಳಿಗಳವರು ದಾರಿಗೆ ಮುಳ್ಳು ಹಾಕಿದರು, ಮರ ಕಡಿದು ಅಡ್ಡಹಾಕಿದರು. ಪಟ್ಟಣದಿಂದ ನಡೆದು ಬಂದ ತಮ್ಮ ಊರಿನ ಕೂಲಿಯವನನ್ನೇ ಕೆಲವೆಡೆ ಒಳಗೆ ಬಿಡಲಿಲ್ಲ. ಭಯಪಟ್ಟದ್ದು ತಪ್ಪೆಂದು ನಾವು ಹೇಳುವದಿಲ್ಲ. ಆದರೆ ಆ ಮುಳ್ಳಿನ ಬೇಲಿಯನ್ನೂ ಈಮ್ ಊರಿನ ಎಲ್ಲೆಕಲ್ಲನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿರಿ. ಎರಡೂ ಎಲ್ಲೆಗಳೇ. ಒಂದು, ನಿನ್ನಿಂದ ನನಗೆ ಕೇಡು ಬಾರದಿರಲಿ ಎನ್ನುತ್ತದೆ. ಮತ್ತೊಂದು, ನನ್ನಿಂದ ನಿನಗೆ ಕೇಡು ಬಾರದಿರಲಿ ಎನ್ನುತ್ತದೆ. ಲೋಕದಲ್ಲಿ ಮೊದಲನೆಯ ವಿಧದ ಬೇಲಿಗಳು ಬಹಳ. ನಮ್ಮ ಹಿರಿಯರಲ್ಲಿ ಅನೇಕರು ಅವುಗಳನ್ನು ಚೆನ್ನಾಗಿ ಬಲ್ಲವರು: ಊರ ಬಾವಿಯ ಹತ್ತಿರ ಬರಬೇಡ, ಈ ಬೀದಿಯಲ್ಲಿ ನಡೆಯಬೇಡ, ನಿನ್ನ ನೆರಳು ಬೀಳಬಾರದು ಎಂಬ ಮಾತುಗಳನ್ನು ಕೇಳಿ ಬೆಳೆದವರು. ಆ ನೋವನ್ನು ಕಂಡವರ ಮಕ್ಕಳಾದ ನಾವು ಇತರರ ದಾರಿಗೆ ಮುಳ್ಳು ಹಾಕುವದು ಹೇಗೆ? ಎಲ್ಲೆಯನ್ನು ಹಾಕಬೇಕಾದ ದಿನ ಬಂದರೆ ಅದನ್ನು ಪ್ರೀತಿಯಿಂದ ಹಾಕೋಣ. ಹಾಕಿ ಎಲ್ಲೆಯ ಕಲ್ಲಿನ ಮೇಲೆ ರೊಟ್ಟಿಯನ್ನಿಡುವದನ್ನು ಮರೆಯದೆ ಇರೋಣ. ಯಾಕಂದರೆ ಒಳಗಿದ್ದವರ ತ್ಯಾಗವನ್ನು ಹೊರಗಿದ್ದವರ ರೊಟ್ಟಿಯೇ ಎತ್ತಿಹಿಡಿಯಿತು. ಆ ರೊಟ್ಟಿಯು ಬಾರದೆ ಹೋಗಿದ್ದರೆ ಅವರು ಹಸಿವಿನಿಂದ ಎಲ್ಲೆಯನ್ನು ದಾಟಬೇಕಾಗುತ್ತಿತ್ತು.

ಇನ್ನೂ ಹತ್ತಿರದ ಮಾತೊಂದನ್ನು ಹೇಳಬೇಕು. ನಿಮ್ಮ ಸಭೆಯಲ್ಲಿ ಸ್ಟಾನ್ಲಿಯ ಪಕ್ಷವೂ ಮೊಂಪೆಸನ್ನಿನ ಪಕ್ಷವೂ ಇಲ್ಲವೋ? ಹಳೇ ಉಪದೇಶಿಯವರು, ಹೊಸ ಅಯ್ಯನವರು. ಈ ಕೇರಿಯವರು, ಆ ಕೇರಿಯವರು. ಲೆಕ್ಕಪುಸ್ತಕದ ಜಗಳ, ಸ್ಮಶಾನದ ಜಾಗದ ಜಗಳ, ಮದುವೆಯಲ್ಲಿ ಕರೆಯದೆ ಹೋದ ಸಿಟ್ಟು. ಒಂದೇ ಬಾವಿಯ ನೀರನ್ನು ಸೇದಿಕೊಂಡು ಒಬ್ಬರ ಕಡೆಗೊಬ್ಬರು ನೋಡದೆ ಹೋಗುವವರು ನಮ್ಮೊಳಗೆ ಉಂಟು. ಈಮ್ ಊರಿನ ಇಬ್ಬರು ಬೋಧಕರ ಜಗಳವು ಸಣ್ಣದಾಗಿರಲಿಲ್ಲ. ಒಬ್ಬರು ಅದಕ್ಕಾಗಿ ಜೀವನೋಪಾಯವನ್ನೇ ಕಳಕೊಂಡಿದ್ದರು. ಆದರೂ ಕೈಹಿಡಿದರು. ಅವರಿಬ್ಬರು ಬೇರೆಯಾಗಿಯೇ ನಿಂತಿದ್ದರೆ ಅರ್ಧ ಊರು ಉಳಿದು ಅರ್ಧ ಊರು ಓಡಿಹೋಗುತ್ತಿತ್ತು. ಬೇನೆಯು ಆ ಓಡಿದವರ ಸಂಗಡ ಪ್ರಾಂತವನ್ನೆಲ್ಲಾ ಸುತ್ತುತ್ತಿತ್ತು. ಸಮಾಧಾನವಾಗುವದಕ್ಕೆ ನಾವು ಮಹಾಮಾರಿ ಬರುವ ವರೆಗೂ ಕಾದುಕೊಂಡಿರಬೇಕೋ?

ಬೇನೆ ನಿಂತ ಮೇಲೆ ಲೋಕವು ಆ ಇಬ್ಬರಿಗೂ ಹಾರ ಹಾಕಲಿಲ್ಲ. ಸ್ಟಾನ್ಲಿ ಅಯ್ಯನವರನ್ನು ಊರಿನಿಂದ ಓಡಿಸಬೇಕೆಂದು ಕೆಲವರು ಪ್ರಭುವಿಗೆ ಮೊರೆಯಿಟ್ಟರಂತೆ. ಇಂಥವರಿಗೆ ಉಪಕಾರ ಹೇಳುವದೇ ನಿಮಗೆ ಯೋಗ್ಯವೆಂದು ಪ್ರಭುವು ಅವರನ್ನು ನಾಚಿಸಿದನಂತೆ. ಅವರು 1670ರಲ್ಲಿ ತೀರಿಕೊಂಡರು. ಮೊಂಪೆಸನ್ ಅಯ್ಯನವರು ಕೆಲವು ವರುಷಗಳಾದ ಮೇಲೆ ಈಕ್ರಿಂಗ್ ಎಂಬ ಊರಿಗೆ ಹೋದಾಗ, ಪ್ಲೇಗಿನ ಊರಿನವನೆಂದು ಹೆದರಿ ಜನರು ಊರೊಳಗೆ ಬರಗೊಡಿಸದೆ ಇದ್ದದರಿಂದ, ಹೊರಗೆ ಒಂದು ಗುಡಿಸಲಿನಲ್ಲಿದ್ದು ಮರದ ಕೆಳಗೆ ಬೋಧಿಸಿದರೆಂದು ಹೇಳುತ್ತಾರೆ. ಮನುಷ್ಯರ ಕೃತಜ್ಞತೆಗೋಸ್ಕರ ಒಳ್ಳೇದನ್ನು ಮಾಡುವವನು ಬೇಗ ದಣಿಯುವನು. ಪಾಳೆಯದ ಹೊರಗೆ ನಮಗೋಸ್ಕರ ಶ್ರಮೆಪಟ್ಟ ಕರ್ತನನ್ನು ನೋಡುತ್ತಾ ಮಾಡುವವನು ದಣಿಯನು.

ಆ ದೇವಾಲಯದಲ್ಲಿ 1985ರಲ್ಲಿ ಈ ಚರಿತ್ರೆಯನ್ನು ತೋರಿಸುವ ಬಣ್ಣದ ಗಾಜಿನ ಕಿಟಕಿಯನ್ನು ಇಟ್ಟಿದ್ದಾರೆ. ಪ್ರತಿ ವರುಷ ಆಗಸ್ಟ್ ತಿಂಗಳ ಕಡೇ ಆದಿತ್ಯವಾರವನ್ನು ಪ್ಲೇಗಿನ ಆದಿತ್ಯವಾರವೆಂದು ಕರೆದು, ಬಯಲಲ್ಲಿ ಆರಾಧನೆ ನಡಿಸಿ, ಸತ್ತವರನ್ನು ಜ್ಞಾಪಿಸಿಕೊಳ್ಳುವ ಪದ್ಧತಿಯುಂಟು. ನಮ್ಮ ಊರಿನ ದೇವಾಲಯಕ್ಕೆ ಅಂಥ ಕಿಟಕಿ ಇಲ್ಲದಿರಬಹುದು. ಹೆಂಚಿನ ಮಾಡು, ಮಣ್ಣಿನ ಗೋಡೆ, ಒಂದು ಗಂಟೆ, ಇಷ್ಟೇ ಇರಬಹುದು. ಆದರೂ ಸಭೆಯ ಹಳೇ ಪುಸ್ತಕವನ್ನು ಒಂದು ಸಾರಿ ತೆರೆದು ಓದಿರಿ. ಅದರಲ್ಲಿರುವ ಹೆಸರುಗಳು ಯಾರವು? ಅವರು ಯಾರಿಗೋಸ್ಕರ ಕಷ್ಟಪಟ್ಟರು? ಹಿರಿಯರನ್ನು ಕೇಳಿ, ನಿಜವಾದದ್ದನ್ನು ಮಕ್ಕಳಿಗೆ ಹೇಳಿರಿ. ಬಳಿಕ ನಿಮ್ಮ ಮನೆಗೂ ಯಾವ ಮನೆಗೂ ಮಾತು ನಿಂತಿದೆಯೋ ಆ ಮನೆಯ ಬಾಗಿಲಿಗೆ, ಮುಂದಿನ ಕರ್ತನ ಭೋಜನಕ್ಕೆ ಮೊದಲು, ನೀವೇ ಮೊದಲಾಗಿ ಹೋಗಿರಿ.

ಪರಲೋಕದಲ್ಲಿರುವ ತಂದೆಯೇ, ನಮ್ಮ ಎಲ್ಲೆಗಳಲ್ಲಿ ಮುಳ್ಳಿಗೆ ಬದಲಾಗಿ ರೊಟ್ಟಿಯನ್ನಿಡುವ ಕೈಗಳನ್ನು ನಮಗೆ ಕೊಡು. ಜಗಳವಾಡಿದವರನ್ನು ಒಂದುಮಾಡು. ಹೆಸರು ತಿಳಿಯದ ನೆರೆಯವನನ್ನು ಸ್ನೇಹಿತನೆಂದು ಎಣಿಸುವ ಹೃದಯವನ್ನು ದಯಪಾಲಿಸು. ನಮ್ಮೆಲ್ಲರಿಗೋಸ್ಕರ ಪ್ರಾಣಕೊಟ್ಟ ನಿನ್ನ ಮಗನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.